ಉಪ್ಪಾಗೆ: ಹೆಸರು, ಹುಳಿ ಮತ್ತು ಮಾರುಕಟ್ಟೆ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಪೂರ್ವಭಾಗದ ಘಟ್ಟದ ಇಳಿಜಾರುಗಳಲ್ಲಿ ಬೆಳೆಯುವ ಉಪ್ಪಾಗೆ ಮರವು ಉತ್ತರ ಕನ್ನಡ ಜಿಲ್ಲೆಯ ಆಹಾರ ಪದ್ಧತಿಯಲ್ಲಿಯೂ ಅರಣ್ಯದ ಇತಿಹಾಸದಲ್ಲಿಯೂ ಗಮನಾರ್ಹ ಸ್ಥಾನ ಪಡೆದಿದೆ. ಮಳೆಗಾಲದಲ್ಲಿ ಮಾಗುವ ಹಣ್ಣಿನ ಸಿಪ್ಪೆಯನ್ನು ಬೆಂಕಿಯ ಹೊಗೆಯಲ್ಲಿ ಒಣಗಿಸಿ ಹುಳಿಯಾಗಿ ಬಳಸುವುದು, ಬೀಜದ ಕೊಬ್ಬನ್ನು 'ಉಪ್ಪಾಗೆ ತುಪ್ಪ'ವೆಂದು ಅಡುಗೆಗೆ ಉಪಯೋಗಿಸುವುದು ಇಲ್ಲಿನ ರೂಢಿ. ದೇಶೀಯ ವೈದ್ಯದಲ್ಲಿ ಸಿಪ್ಪೆಯ ಕಷಾಯವು ವಾತ ಹಾಗೂ ಕರುಳಿನ ತೊಂದರೆಗಳಿಗೆ ಬಳಕೆಯಾಗುತ್ತ ಬಂದಿದೆ.

ಈ ಮರದ ಶಾಸ್ತ್ರೀಯ ನಾಮ 'ಗಾರ್ಸೀನಿಯ ಗಮ್ಮಿ-ಗಟ್ಟ'. ಹಿಂದೆ 'ಗಾರ್ಸೀನಿಯ ಕಾಂಬೋಜಿಯ' ಎಂಬ ಹೆಸರು ಪ್ರಚಲಿತವಾಗಿತ್ತು. ಎರಡೂ ಹೆಸರುಗಳ ಹಿಂದೆ ಒಂದು ತಪ್ಪು ಗ್ರಹಿಕೆಯಿದೆ. 1678ರಲ್ಲಿ ಪ್ರಕಟವಾದ 'ಹಾರ್ಟಸ್ ಮಲಬಾರಿಕಸ್' ಗ್ರಂಥದ ಮೊದಲ ಸಂಪುಟದಲ್ಲಿ ವಾನ್ ರೀಡ್ ಈ ಮರವನ್ನು ಅದರ ಮಲಯಾಳಂ ಹೆಸರಿನಿಂದಲೇ ದಾಖಲಿಸಿದ್ದನು. ಮುಂದೆ ಲಿನೇಯಸನು ಆಗ್ನೇಯ ಏಷ್ಯಾದಿಂದ ಬರುತ್ತಿದ್ದ ಹಳದಿ ಬಣ್ಣದ ಅಂಟಿಗೆ ಇದೇ ಮೂಲವೆಂದು ಭಾವಿಸಿ ಆ ಅಂಟಿನ ಹೆಸರನ್ನು ಇದಕ್ಕಿಟ್ಟನು. ವಸ್ತುತಃ ಆ ಅಂಟನ್ನು ಕೊಡುವುದು ಕಾಂಬೋಡಿಯ, ಥಾಯ್ಲೆಂಡ್‌ಗಳ 'ಗಾರ್ಸೀನಿಯ ಹ್ಯಾನ್‌ಬ್ಯುರಿ'. ಉಪ್ಪಾಗೆಗೆ ಅಲ್ಲಿನ ನಿಜವಾದ ಸಾದೃಶ್ಯವೆಂದರೆ ಮಲೇಷಿಯದವರು ಹುಳಿಗಾಗಿ ಬಳಸುವ 'ಅಸಮ್ ಗೆಲುಗುರ್'.

ಉಪ್ಪಾಗೆಯ ಹುಳಿಗೆ ಸಿಟ್ರಿಕ್ ಮತ್ತು ಟಾರ್ಟಾರಿಕ್ ಆಮ್ಲಗಳೇ ಕಾರಣವೆಂದು ದೀರ್ಘಕಾಲ ನಂಬಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಅವರು 1965ರಲ್ಲಿ ಅದು ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ಶರೀರದಲ್ಲಿ ಸಕ್ಕರೆಯ ಅಂಶವು ಕೊಬ್ಬಾಗಿ ಪರಿವರ್ತನೆಯಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲವು ತಡೆಯುತ್ತದೆಂಬುದು 1969ರಲ್ಲಿ ಅಮೆರಿಕದಲ್ಲಿ ತಿಳಿದುಬಂದಿತು. ಇಲಿಗಳ ಮೇಲಿನ ಪ್ರಯೋಗಗಳ ಫಲಿತಾಂಶವು ಕಾಲಕ್ರಮದಲ್ಲಿ ಬೊಜ್ಜು ಕರಗಿಸುವ ಗುಳಿಗೆಗಳ ಪ್ರಚಾರಕ್ಕೆ ಆಧಾರವಾಯಿತು.

ಪರಿಣಾಮವಾಗಿ 1990ರ ದಶಕದಲ್ಲಿ ಒಣಸಿಪ್ಪೆಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂದಿತು. ಕಾಡಿನ ಮರ ಯಾರೊಬ್ಬರ ಸ್ವತ್ತೂ ಅಲ್ಲದ್ದರಿಂದ, ಮಾಗುವವರೆಗೆ ಕಾದವರಿಗೆ ಫಲ ದಕ್ಕದಾಯಿತು. ಕಾಯಿ ಬಲಿಯುವ ಮೊದಲೇ ಕೀಳುವುದು, ಕೊಂಬೆ ಕಡಿಯುವುದು, ಸಿಪ್ಪೆ ಒಣಗಿಸಲು ರಾಶಿಗಟ್ಟಲೆ ಸೌದೆ ಸುಡುವುದು ಹೆಚ್ಚಿತು. ಹಣ್ಣು ತಿಂದು ಬೀಜ ಹರಡುವ ಕಾಡುಪ್ರಾಣಿಗಳ ಪಾಲೂ ಕುಗ್ಗಿತು. ಅಷ್ಟರಲ್ಲಿ, 135 ಮಂದಿಯ ಮೇಲೆ 12 ವಾರಗಳ ಕಾಲ ನಡೆದು 1998ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದು, ಔಷಧಾಂಶವಿಲ್ಲದ ಗುಳಿಗೆ ಪಡೆದವರಿಗಿಂತ ಈ ಆಮ್ಲ ಸೇವಿಸಿದವರ ತೂಕವೇನೂ ಹೆಚ್ಚು ಇಳಿಯಲಿಲ್ಲವೆಂದು ಸ್ಪಷ್ಟಪಡಿಸಿತು.

ಹೀಗೆ ಉಪ್ಪಾಗೆಯ ಹೆಸರೂ ಅದರ ಜಾಗತಿಕ ಖ್ಯಾತಿಯೂ ಅವಸರದ ತೀರ್ಮಾನಗಳಿಂದ ಹುಟ್ಟಿದವು. ಮೊದಲನೆಯದರಿಂದ ಮರಕ್ಕೆ ಹಾನಿಯಾಗಲಿಲ್ಲ; ಎರಡನೆಯದರ ಬೆಲೆಯನ್ನು ಕಾಡು ತೆರಬೇಕಾಯಿತು. ಮಾಗಿದ ಹಣ್ಣಿನಿಂದ ಹುಳಿಯನ್ನೂ ತುಪ್ಪವನ್ನೂ ಪಡೆಯುತ್ತಿದ್ದ ಸ್ಥಳೀಯ ಬಳಕೆಯಲ್ಲಿ ಮರದ ಉಳಿವಿಗೂ ಅವಕಾಶವಿತ್ತೆಂಬುದನ್ನು ಸಸ್ಯೋಪಯೋಗದ ಇತಿಹಾಸವನ್ನು ಬರೆಯುವವರು ಕಡೆಗಣಿಸುವಂತಿಲ್ಲ.