ಕಾಯ್ದೆಯ ಪರವಾಗಿ ನಿಲ್ಲುವವರು: ಸ್ಟೇನಿಸ್ಲಾಸ್ ಮೊಕದ್ದಮೆಯ ಒಂದು ಮಗ್ಗಲು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಅಲ್ಲಿ ದೊರೆಯ ಫರ್ಮಾನೇ ಕಾನೂನು. ಮೂಲಭೂತ ಹಕ್ಕನ್ನು ಮುಂದಿಟ್ಟು ಅದನ್ನು ಪ್ರಶ್ನಿಸುವ ದಾರಿ ಇರಲಿಲ್ಲ. ಆ ದಾರಿಯನ್ನು ತೆರೆದದ್ದು ಸಂವಿಧಾನ. 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದಿತು, 2013ರಲ್ಲಿ ಅದು ಕಾಯಂ ಆಯಿತು. ಆದರೆ ಅರ್ಜಿದಾರನ ಎದುರು ನಿಂತು ಕಾಯ್ದೆಯನ್ನು ಸಮರ್ಥಿಸುವವರು ಯಾರು? ರಾಜ್ಯ ಸರ್ಕಾರ, ಅದರ ಪರವಾಗಿ 165ನೆಯ ವಿಧಿಯಂತೆ ನೇಮಕಗೊಂಡ ಅಡ್ವೊಕೇಟ್ ಜನರಲ್. ಗುರುಮಠದ ವಿದ್ಯಾರ್ಥಿಗಳು 25ನೆಯ ವಿಧಿಯನ್ನು ಬಾಯಿಪಾಠವಾಗಿ ಬಲ್ಲರು; 165ನೆಯದನ್ನು ಕೇಳಿದರೆ ತರಗತಿ ಮೌನವಾಗುತ್ತದೆ.

ಒರಿಸ್ಸಾ 1967ರಲ್ಲಿ, ಮಧ್ಯಪ್ರದೇಶ 1968ರಲ್ಲಿ ‘ಧಾರ್ಮಿಕ ಸ್ವಾತಂತ್ರ್ಯ’ವೆಂಬ ಹೆಸರಿನಲ್ಲೇ ಮತಾಂತರವನ್ನು ನಿರ್ಬಂಧಿಸುವ ಕಾಯ್ದೆಗಳನ್ನು ಮಾಡಿದವು. (ಹೆಸರಿನ ವ್ಯಂಗ್ಯವನ್ನು ಓದುಗರೇ ಗಮನಿಸಬಹುದು.) ಒಬ್ಬರನ್ನು ಮತಾಂತರಿಸಿದ ಗುರುವು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದು ಮಧ್ಯಪ್ರದೇಶದ ಕಾಯ್ದೆ ವಿಧಿಸಿತ್ತು. ಹಾಗೆ ತಿಳಿಸದ ಸ್ಟೇನಿಸ್ಲಾಸ್ ಎಂಬ ಗುರುಗಳ ಮೇಲೆ ಮೊಕದ್ದಮೆ ಹೂಡಲಾಯಿತು. ಒರಿಸ್ಸಾ ಹೈಕೋರ್ಟ್ 1972ರಲ್ಲಿ ತನ್ನ ರಾಜ್ಯದ ಕಾಯ್ದೆಯನ್ನು ಅನೂರ್ಜಿತಗೊಳಿಸಿತು. ‘ಆಮಿಷ’ದ ವ್ಯಾಖ್ಯೆ ಅಸ್ಪಷ್ಟವೆಂಬುದು ಅದರ ಕಾರಣಗಳಲ್ಲೊಂದು. ಮಧ್ಯಪ್ರದೇಶ ಹೈಕೋರ್ಟ್ 1974ರಲ್ಲಿ ಇದಕ್ಕೆ ವಿರುದ್ಧವಾದ ತೀರ್ಪನ್ನಿತ್ತಿತು. ಎರಡೂ ಪ್ರಕರಣಗಳು ಸುಪ್ರೀಂ ಕೋರ್ಟಿಗೆ ಹೋದವು. 1977ರ ಜನವರಿ 17ರಂದು, ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗಲೇ, ಐವರ ಪೀಠವು ಎರಡೂ ಕಾಯ್ದೆಗಳನ್ನು ಎತ್ತಿಹಿಡಿಯಿತು: ಪ್ರಸಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ, ಸಾರ್ವಜನಿಕ ಸುವ್ಯವಸ್ಥೆಯು ರಾಜ್ಯದ ಅಧಿಕಾರಕ್ಕೆ ಸೇರಿದ್ದು.

ಈ ತೀರ್ಪಿನ ಬಗೆಗೆ ಬರೆಯುವಾಗ ನಾವು ನ್ಯಾಯಮೂರ್ತಿಗಳನ್ನಷ್ಟೇ ದೂರುತ್ತೇವೆ. ಒರಿಸ್ಸಾದ ಪ್ರಕರಣದಲ್ಲಿ ಮೇಲ್ಮನವಿದಾರ ಸರ್ಕಾರವೇ ಆಗಿತ್ತೆಂಬುದನ್ನು ಮರೆಯುತ್ತೇವೆ. ಸೋಲನ್ನು ಒಪ್ಪಿ ಅದು ಸುಮ್ಮನಿದ್ದಿದ್ದರೆ ಆ ಕಾಯ್ದೆಯನ್ನು ಎತ್ತಿ ನಿಲ್ಲಿಸುವವರಿರಲಿಲ್ಲ. ಇನ್ನೂ ಗಮನಾರ್ಹವಾದುದೆಂದರೆ, ಕಾಯ್ದೆ ಮಾಡಿದವರು ಒರಿಸ್ಸಾದಲ್ಲಿ ಸ್ವತಂತ್ರ ಪಕ್ಷದ ನೇತೃತ್ವದ ಕೂಟದವರು, ಮಧ್ಯಪ್ರದೇಶದಲ್ಲಿ ಸಂಯುಕ್ತ ವಿಧಾಯಕ ದಳದವರು; ತೀರ್ಪಿನ ಹೊತ್ತಿಗೆ ಎರಡೂ ಕಡೆ ಅಧಿಕಾರದಲ್ಲಿದ್ದುದು ಕಾಂಗ್ರೆಸ್. ಸರ್ಕಾರ ಬದಲಾಯಿತು, ಸಮರ್ಥನೆ ನಿಲ್ಲಲಿಲ್ಲ.

ಕರ್ನಾಟಕದ ಕಥೆ ಇದಕ್ಕೆ ಸಮೀಪದ್ದು. ಬಿಜೆಪಿ ಸರ್ಕಾರವು 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯನ್ನೂ ಸೆಪ್ಟೆಂಬರಿನಲ್ಲಿ ಕಾಯ್ದೆಯನ್ನೂ ತಂದಿತು. ಸುಗ್ರೀವಾಜ್ಞೆಯನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಹೈಕೋರ್ಟ್ ಜುಲೈನಲ್ಲೇ ಸರ್ಕಾರಕ್ಕೆ ನೋಟಿಸ್ ನೀಡಿತ್ತು. ಈ ಕಾಯ್ದೆಯ ‘ಆಮಿಷ’ದಲ್ಲಿ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯ ಉಚಿತ ಶಿಕ್ಷಣವೂ ಸೇರಿದೆ, ಒರಿಸ್ಸಾ ಹೈಕೋರ್ಟ್ ಆಕ್ಷೇಪಿಸಿದ ವ್ಯಾಖ್ಯೆಗಿಂತ ಇದು ಬಹಳ ವಿಸ್ತಾರವಾದದ್ದು. 2023ರ ಜೂನ್ 15ರಂದು ಹೊಸ ಕಾಂಗ್ರೆಸ್ ಸಂಪುಟವು ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಆದರೆ ಸಂಪುಟದ ತೀರ್ಮಾನದಿಂದಲೇ ಕಾಯ್ದೆ ರದ್ದಾಗದು; ಎರಡೂ ಸದನಗಳು ರದ್ದತಿಯ ಮಸೂದೆಯನ್ನು ಅಂಗೀಕರಿಸಿ ರಾಜ್ಯಪಾಲರ ಅಂಕಿತ ಬೀಳಬೇಕು. ಅದಾಗುವವರೆಗೆ ತನಗೆ ಬೇಡವಾದ ಕಾಯ್ದೆಗೆ ಸರ್ಕಾರವೇ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕು. ಚಿಂಚೋಳಿಯ ಗುರುಗಳು ಮತಾಂತರಗೊಳ್ಳುವವರೊಬ್ಬರಿಗೆ ಜ್ಞಾನಸ್ನಾನ ನೀಡುವುದಕ್ಕೆ 30 ದಿನ ಮೊದಲೇ ಕಲಬುರಗಿಯ ಕಚೇರಿಗೆ ನಮೂನೆ ತುಂಬಿ ಕೊಡಬೇಕು.