ಗೂಡಿನ ಜೋಡಿಚಿತ್ರ: ಸಾಮೀಪ್ಯದ ಬೆಲೆ

ಗೋಣಿಬೀಡಿನ ಸುತ್ತಲಿನ ಕಾಫಿತೋಟಗಳ ಇಳಿಜಾರು ಮುಗಿಯುವೆಡೆಯಲ್ಲಿ ಗದ್ದೆಬಯಲು ತೊಡಗುತ್ತದೆ. ಅಲ್ಲಿನ ಜೌಗಿನ ಪೊದೆಯಲ್ಲಿ ಹುಂಡುಕೋಳಿ ಕಟ್ಟುವ ಗೂಡನ್ನು ಸಾಧಾರಣ ಛಾಯಾಚಿತ್ರದಲ್ಲಿ ನೋಡಿದರೆ ನಮಗೆ ಕಾಣುವುದು ಹುಲ್ಲುಕಡ್ಡಿಗಳ ಗೋಜಲು ಮಾತ್ರ. ಯಾವ ಎಸಳು ಮುಂದಿದೆ, ಗೂಡಿನ ಕುಳಿ ಎಷ್ಟು ಆಳವಿದೆ ಎಂಬುದು ತಿಳಿಯದು.

ಈ ಕೊರತೆಯನ್ನು ನೀಗಬಲ್ಲ ಉಪಕರಣವು ಛಾಯಾಚಿತ್ರಕಲೆಯ ಶೈಶವದಲ್ಲಿಯೇ ಹುಟ್ಟಿತ್ತು. ಎರಡು ಕಣ್ಣುಗಳು ಕಾಣುವ ಭಿನ್ನ ಬಿಂಬಗಳು ಒಂದಾಗಿ ಆಳದ ಅರಿವು ಉಂಟಾಗುವುದೆಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ವಿವರಿಸಿದರು. 1849ರಲ್ಲಿ ಡೇವಿಡ್ ಬ್ರೂಸ್ಟರ್ ಮಸೂರಗಳುಳ್ಳ ಘನದರ್ಶಕವನ್ನು, ಅಂದರೆ ಸ್ಟೀರಿಯೋಸ್ಕೋಪನ್ನು, ರೂಪಿಸಿದರು. 1851ರ ಲಂಡನ್ ಪ್ರದರ್ಶನದ ಅನಂತರ ಅದು ಮನೆಮನೆಯ ವಿನೋದವಾಯಿತು. ಹಕ್ಕಿಗೂಡುಗಳ ಛಾಯಾಗ್ರಹಣವಾದರೋ 1892ರಲ್ಲಿ ಇಂಗ್ಲೆಂಡಿನ ಕೀರ್ಟನ್ ಸೋದರರಿಂದ ಹೊಸ ಹಾದಿ ಹಿಡಿಯಿತು.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಜೋಡಿಚಿತ್ರದ ಎರಡು ಮಸೂರಗಳ ಅಂತರವು ಸಾಮಾನ್ಯವಾಗಿ ಮನುಷ್ಯನ ಕಣ್ಣುಗಳ ಅಂತರದಷ್ಟೇ, ಸುಮಾರು 6.5 ಸೆಂಟಿಮೀಟರ್. ಎರಡು ಮಾರು ದೂರದ ಗೂಡು ಇದರಲ್ಲಿ ಉಬ್ಬುತಗ್ಗಾಗಿ ಕಾಣುತ್ತದೆ. ಐವತ್ತು ಮಾರು ದೂರದ್ದು ಬಹುಮಟ್ಟಿಗೆ ಚಪ್ಪಟೆಯಾಗುತ್ತದೆ. ಆದುದರಿಂದ ಆಳವನ್ನು ಬಯಸಿದವನು ಗೂಡಿನ ಅಂಚಿಗೇ ಹೋಗಬೇಕು, ಜೊಂಡನ್ನು ಬಾಗಿಸಬೇಕು. ಬಾಗಿಸಿದ ಜೊಂಡು ಮೊಟ್ಟೆಗಳನ್ನು ಬಿಸಿಲಿಗೂ ಕಾಗೆಗೂ ಒಡ್ಡುತ್ತದೆ. ಬೆದರಿದ ತಾಯಿಹಕ್ಕಿ ಗೂಡನ್ನೇ ತೊರೆಯುವುದೂ ಉಂಟು. ಕೀರ್ಟನ್ ಸೋದರರು ಪೊಳ್ಳಾದ ಎತ್ತಿನ ಆಕೃತಿಯೊಳಗೆ ಅಡಗಿ ಚಿತ್ರ ತೆಗೆಯಲೆಳಸಿದ್ದು ಹಾಸ್ಯಕ್ಕಲ್ಲ. ಹಕ್ಕಿಯ ಭಯವನ್ನು ತಗ್ಗಿಸುವುದಕ್ಕೆ.

ಹಾಗೆಂದು ಸಾಮೀಪ್ಯವು ನಿಷ್ಫಲವಾಗಲಿಲ್ಲ. ಬ್ರಿಟನ್ನಿನಲ್ಲಿ ಸಂತಾನವಿಲ್ಲದೆ ಅಳಿದುಹೋಗಿದ್ದ ಬಿಟರ್ನ್ ಎಂಬ ಜೌಗುಹಕ್ಕಿಯು ಮರಳಿ ಮರಿಮಾಡಿದೆಯೆಂಬುದಕ್ಕೆ 1911ರಲ್ಲಿ ಎಮ್ಮಾ ಟರ್ನರ್ ನಾರ್ಫೋಕಿನಲ್ಲಿ ತೆಗೆದ ಮರಿಯ ಚಿತ್ರವೇ ಸಾಕ್ಷಿಯಾಯಿತು.

ನಮ್ಮ ನಾಡಿನಲ್ಲಿ ಈ ತೊಡಕಿಗೆ ಬೇರೊಂದು ಪರಿಹಾರ ದೊರೆಯಿತು. ಮೈಸೂರು ಸಂಸ್ಥಾನದ ಹಕ್ಕಿಗಳನ್ನು 1939–40ರಲ್ಲಿ ಸಮೀಕ್ಷಿಸಿದ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಅಲ್ಲಿ ನೋಡುವವನಿಗೂ ಗೂಡಿಗೂ ನಡುವೆ ಕಾವೇರಿಯೇ ಹರಿಯುತ್ತದೆ. 2022ರಲ್ಲಿ ಅದು ರಾಮ್ಸಾರ್ ತಾಣವೆಂದು ಮಾನ್ಯತೆ ಪಡೆಯಿತು.

ಗೋಣಿಬೀಡಿನ ಗದ್ದೆಬದುವಿನಲ್ಲಿ ಅಂತಹ ಹೊಳೆಯ ಕಾವಲಿಲ್ಲ. ಇಂದು ಪ್ರತಿ ವಿದ್ಯಾರ್ಥಿಯ ಕೈಯಲ್ಲಿಯೂ ಕ್ಯಾಮೆರಾ ಇದೆ. ಚಿತ್ರದ ಆಳವು ಸ್ವಲ್ಪ ಕುಂದಿದರೂ ಚಿಂತೆಯಿಲ್ಲ, ಜೊಂಡು ಬಾಗದಿರಲಿ ಎಂಬುದೇ ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠವೆಂದು ತೋರುತ್ತದೆ.