ಹಳೆ ವ್ಯಾನ್‌ನಲ್ಲಿ ಕೇರಳಕ್ಕೆ ಹೊರಟಿದ್ದೀರಾ? ಎಂಜಿನ್ ಎಲ್ಲಿ ಬಿಸಿಯಾಗುತ್ತದೆ ಎಂದು ಗಮನಿಸಿ

ಗುರುವಾಯೂರು, ಶಬರಿಮಲೆ, ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನ ಎಂದು ಮಾರುತಿ ಓಮ್ನಿಯಲ್ಲಿ ಹೊರಡುವ ಕುಟುಂಬಗಳು ಈಗಲೂ ಇವೆ. 1984ರಲ್ಲಿ ಬಂದ ಈ ವ್ಯಾನ್‌ನ ತಯಾರಿಕೆ 2019ರಲ್ಲಿ ನಿಂತಿದೆ. ಅಂದರೆ ರಸ್ತೆಯಲ್ಲಿರುವುದೆಲ್ಲ ಹಳೆಯದೇ. ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುವುದರಿಂದ ಸೀಟು ಬೆಚ್ಚಗಾಗುವುದು ಮಾಮೂಲು; ಟೆಂಪರೇಚರ್ ಮುಳ್ಳನ್ನೇ ನಂಬಬೇಕು.

ಕೊಚ್ಚಿಯಿಂದ ತಿರುವನಂತಪುರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 200 ಕಿ.ಮೀ. ಕೊಚ್ಚಿ ದಾಟಿದ ಕೂಡಲೇ ಸಿಗುವ ಅರೂರು–ತುರವೂರು ಭಾಗ ಮೇಲ್ಸೇತುವೆ ಕಾಮಗಾರಿಯಿಂದಾಗಿ ವಾಹನ ದಟ್ಟಣೆಗೆ ಹೆಸರಾಗಿದೆ. ಇಂಥ ಕಡೆ ಮಾತ್ರ ಮುಳ್ಳು ಏರಿ, ವೇಗವಾಗಿ ಓಡಿಸಿದಾಗ ಇಳಿದರೆ ಮೊದಲ ಅನುಮಾನ ರೇಡಿಯೇಟರ್ ಫ್ಯಾನ್ ಮೇಲೆ. ಫ್ಯೂಸ್, ವೈರಿಂಗ್, ಫ್ಯಾನ್ ಸ್ವಿಚ್ ನೋಡಿಸಿ. ಬಹಳ ಸಲ ಸಣ್ಣ ಖರ್ಚಿನಲ್ಲೇ ಮುಗಿಯುತ್ತದೆ. ಖಾಲಿ ರಸ್ತೆಯಲ್ಲಿ ವೇಗ ಹೆಚ್ಚಿದಾಗ ಅಥವಾ ಏರು ಹತ್ತುವಾಗ ಬಿಸಿಯಾದರೆ ಕಥೆ ಬೇರೆ: ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಅಥವಾ ವಾಟರ್ ಪಂಪ್ ಕೈಕೊಟ್ಟಿರಬಹುದು. ಇದನ್ನು ಹೇಳದೆ ಗ್ಯಾರೇಜಿಗೆ ಬಿಟ್ಟರೆ ಬೇಡದ ಭಾಗವೂ ಬದಲಾಗುತ್ತದೆ.

ಕೆಲವರು ಥರ್ಮೋಸ್ಟಾಟ್ ಕಿತ್ತು ಹಾಕುತ್ತಾರೆ. ಕೆಟ್ಟಿದ್ದರೆ ಹೊಸದು ಹಾಕಿಸುವುದೇ ಸರಿ; ಅದಿಲ್ಲದಿದ್ದರೆ ಎಂಜಿನ್ ಬೇಕಾದ ಬಿಸಿಗೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಕ್ಯಾಪ್ ಬಗ್ಗೆ ಒಂದು ಮಾತು. ರೇಡಿಯೇಟರ್ ಕ್ಯಾಪ್ ಒಳಗಿನ ಒತ್ತಡ ಹಿಡಿದಿಟ್ಟು, ನೀರು ಕುದಿಯುವ ಮಟ್ಟವನ್ನು ಸುಮಾರು 20 ಡಿಗ್ರಿ ಮೇಲಕ್ಕೆ ಒಯ್ಯುತ್ತದೆ. ರಬ್ಬರ್ ಸವೆದರೆ ಆ ಲಾಭ ಹೋಗುತ್ತದೆ. ಇದೇ ಕಾರಣಕ್ಕೆ ಬಿಸಿ ಇರುವಾಗ ಕ್ಯಾಪ್ ತೆರೆಯಲೇಬಾರದು; ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಮುಳ್ಳು ಕೆಂಪು ಗೆರೆಯತ್ತ ಹೋದರೆ ಎಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಹಾಕಿ, ಅದು ಎಂಜಿನ್ ಬಿಸಿಯನ್ನು ಸ್ವಲ್ಪ ಹೊರಗೆಳೆಯುತ್ತದೆ. ಆದರೂ ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ತಣಿದ ಮೇಲೆ ಕೂಲಂಟ್ ಅಥವಾ ಬಾಟಲಿಯ ಕುಡಿಯುವ ನೀರು ತುಂಬಿ. ಕರಾವಳಿಯ ಉಪ್ಪು ಬಾವಿ ನೀರು ಬೇಡ, ರೇಡಿಯೇಟರ್ ತುಕ್ಕು ಹಿಡಿಯುತ್ತದೆ.

ಸೈಲೆನ್ಸರ್‌ನಲ್ಲಿ ನಿಲ್ಲದ ಬಿಳಿ ಹೊಗೆ, ಆಯಿಲ್ ಕ್ಯಾಪ್ ಅಡಿಯಲ್ಲಿ ಹಾಲು ಬೆರೆತ ಕಾಫಿ ಬಣ್ಣದ ಜಿಡ್ಡು, ಹೊರಗೆಲ್ಲೂ ಸೋರದೆ ಖಾಲಿಯಾಗುವ ನೀರು: ಇವು ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣ. ಆಗ ನೀರು ತುಂಬಿಸಿಕೊಂಡು ಓಡಿಸಬೇಡಿ, ಎಳೆಸಿಕೊಂಡು ಹೋಗಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ ಸಹಾಯವಾಣಿ 1033.